ತಾಳೆ ಬೀಳದ ಒಂದು ಸಂಖ್ಯೆ: 1991ರ ಕನ್ನಡಿ ಲೆಕ್ಕ

1991ರ ಮೇ ತಿಂಗಳು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ಗಣಿತ ಸಂಶೋಧನಾ ಸಂಸ್ಥೆಯಲ್ಲಿ ಗಣಿತದವರೂ ಭೌತಶಾಸ್ತ್ರದವರೂ ಒಟ್ಟಿಗೆ ಕೂತಿದ್ದರು. ಅವರನ್ನು ಸೇರಿಸಿದವರು ಗಣಿತಜ್ಞ ಶಿಂಗ್-ಟುಂಗ್ ಯೌ. ಒಂದೇ ಪ್ರಶ್ನೆಗೆ ಎರಡು ಕಡೆಯಿಂದ ಎರಡು ಉತ್ತರ ಬಂದಿತ್ತು.

ಭೌತಶಾಸ್ತ್ರದವರು ಹೇಳಿದ್ದು 31,72,06,375.

ಗಣಿತದವರು ಹೇಳಿದ್ದು 2,68,25,49,425.

ಒಂದು ಇನ್ನೊಂದರ ಎಂಟು ಪಟ್ಟಿಗಿಂತ ಜಾಸ್ತಿ. ಕೊನೆಯ 5 ಬಿಟ್ಟರೆ ಎಲ್ಲೂ ಹೊಂದಾಣಿಕೆ ಇಲ್ಲ. ಇದು ಅಳತೆಯ ಲೆಕ್ಕವೂ ಅಲ್ಲ, ಚೂರು ಆಚೀಚೆ ಇದ್ದರೆ ನಡೆಯುತ್ತದೆ ಅನ್ನಲು. ಎಣಿಕೆ ಇದು. ಒಂದು ಕಡೆಯವರು ತಪ್ಪಿದ್ದಾರೆ, ಇಲ್ಲವೇ ಇಬ್ಬರೂ. ಮಿರರ್ ಸಿಮೆಟ್ರಿ, ಅಂದರೆ ಕನ್ನಡಿ ಸಮಮಿತಿ, ಗಣಿತದವರ ಮನೆಯೊಳಗೆ ಕಾಲಿಟ್ಟಿದ್ದು ಈ ಒಂದು ಸಂಖ್ಯೆಯ ಜಗಳದಿಂದ. ಹಾಗಾಗಿ ಅದರ ಬೆನ್ನು ಹತ್ತಿಯೇ ಹೋಗೋಣ.

ಎಣಿಸುತ್ತಿದ್ದದ್ದು ಏನನ್ನು?

ಐದು ಚರಾಕ್ಷರಗಳಿರುವ, ಪ್ರತಿ ಪದದ ಘಾತವೂ 5 ಇರುವ ಒಂದು ಸಮೀಕರಣ ತಗೊಳ್ಳಿ. ಅದರ ಪರಿಹಾರಗಳೆಲ್ಲ ಸೇರಿ ಒಂದು ಜಾಗ ಆಗುತ್ತದೆ. ಇದಕ್ಕೆ ಕ್ವಿಂಟಿಕ್ ಅಂತ ಹೆಸರು. ಇಲ್ಲಿ ಬರುವ ಸಂಖ್ಯೆಗಳೆಲ್ಲ ಸಂಕೀರ್ಣ ಸಂಖ್ಯೆಗಳು. ಐದು ಚರಾಕ್ಷರಗಳ ನಡುವಿನ ಅನುಪಾತ ಮಾತ್ರ ಮುಖ್ಯ, ಆದ್ದರಿಂದ ಒಂದು ಹೋಯಿತು. ಸಮೀಕರಣದಿಂದ ಇನ್ನೊಂದು ಹೋಯಿತು. ಉಳಿದದ್ದು ಮೂರು ಸಂಕೀರ್ಣ ಆಯಾಮ, ಮಾಮೂಲಿ ಲೆಕ್ಕದಲ್ಲಿ ಆರು. ಜಗತ್ತಿನ ಕಣಗಳೆಲ್ಲ ಪುಟ್ಟ ತಂತುಗಳು ಅನ್ನುವ ಸ್ಟ್ರಿಂಗ್ ಥಿಯರಿಗೆ ಬೇಕಾದದ್ದೂ ಆರೇ. ಅದು ಹೇಳುವ ಹತ್ತು ಆಯಾಮಗಳಲ್ಲಿ ನಾಲ್ಕು ನಮಗೆ ಕಾಣುತ್ತವೆ, ಮಿಕ್ಕ ಆರು ಪುಟ್ಟದಾಗಿ ಸುತ್ತಿಕೊಂಡಿರಬೇಕು. ಹೀಗೆ ಸುತ್ತಿಕೊಳ್ಳಲು ತಕ್ಕ ಜಾಗಗಳು ಕಲಾಬಿ–ಯೌ ಜಾಗಗಳು ಅಂತ 1985ರಲ್ಲಿ ಕ್ಯಾಂಡೆಲಾಸ್, ಹೊರೊವಿಟ್ಜ್, ಸ್ಟ್ರೋಮಿಂಜರ್, ವಿಟ್ಟನ್ ತೋರಿಸಿದರು. ಕ್ವಿಂಟಿಕ್ ಅವುಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು.

ಈಗ ಪ್ರಶ್ನೆ. ಈ ಜಾಗದೊಳಗೆ ಪೂರ್ತಿಯಾಗಿ ಕೂರುವ ಸರಳ ರೇಖೆಗಳು ಎಷ್ಟು?

ಎಷ್ಟು ಅಂತ ಕೇಳುವುದಕ್ಕೆ ಅರ್ಥ ಇದೆಯಾ ಅಂತ ಮೊದಲು ನೋಡಬೇಕು. ಕ್ವಿಂಟಿಕ್ ಕೂತಿರುವ ಹೊರಗಿನ ಜಾಗಕ್ಕೆ, ಅಂದರೆ ಐದು ಚರಾಕ್ಷರಗಳ ಅನುಪಾತಗಳ ಜಾಗಕ್ಕೆ, ನಾಲ್ಕು ಸಂಕೀರ್ಣ ಆಯಾಮ; ಅದರಲ್ಲಿ ಒಂದು ರೇಖೆಯನ್ನು ಗುರುತಿಸಲು 6 ಸಂಖ್ಯೆ ಬೇಕು. ಆ ರೇಖೆಯ ಮೇಲೆ ನಮ್ಮ ಸಮೀಕರಣವನ್ನು ಇಟ್ಟರೆ ಘಾತ 5ರ ಬಹುಪದಿ ಸಿಗುತ್ತದೆ, ಅದಕ್ಕೆ 6 ಗುಣಾಂಕ. ರೇಖೆ ಪೂರ್ತಿ ಒಳಗೆ ಕೂರಬೇಕಾದರೆ ಆರೂ ಸೊನ್ನೆ ಆಗಬೇಕು. ಗೊತ್ತಿಲ್ಲದವು ಆರು, ಷರತ್ತುಗಳೂ ಆರು. ಆಗ ಉತ್ತರ ಒಂದು ಎಣಿಕೆಯೇ ಆಗುತ್ತದೆ ಅಂತ ನಿರೀಕ್ಷಿಸಬಹುದು. ರೇಖೆಯ ಬದಲು ಘಾತ 2ರ ವಕ್ರರೇಖೆ ಹಿಡಿದರೆ 11ಕ್ಕೆ 11. ಘಾತ 3 ಆದರೆ 16ಕ್ಕೆ 16. ಯಾವ ಘಾತಕ್ಕೆ ಹೋದರೂ ಎರಡೂ ಕಡೆ ಸಮ. ಕ್ವಿಂಟಿಕ್‌ನ ಚೆಂದ ಇದು.

ಸರಳ ರೇಖೆಗಳು 2875. ಇದು 19ನೇ ಶತಮಾನದಲ್ಲಿ ಹರ್ಮನ್ ಶೂಬರ್ಟ್ ಮಾಡಿದ ಲೆಕ್ಕ. ಘಾತ 2ರವು 6,09,250. ಇದನ್ನು ಶೆಲ್ಡನ್ ಕಾಟ್ಜ್ 1986ರಲ್ಲಿ ಕಂಡುಹಿಡಿದರು. ಒಂದರಿಂದ ಎರಡಕ್ಕೆ ಬರಲು ನೂರು ವರ್ಷ ಬೇಕಾಯಿತು ನೋಡಿ. ಘಾತ 3ಕ್ಕೆ ಕೈ ಹಾಕಿದವರು ನಾರ್ವೆಯ ಗೈರ್ ಎಲ್ಲಿಂಗ್ಸ್‌ರೂಡ್ ಮತ್ತು ಸ್ಟೈನ್ ಆರಿಲ್ಡ್ ಸ್ಟ್ರೊಮ್ಮ. ಕೈಯಲ್ಲಿ ಮಾಡಿ ಮುಗಿಯುವ ಲೆಕ್ಕ ಅಲ್ಲ ಅದು. ಕಂಪ್ಯೂಟರ್ ಪ್ರೋಗ್ರಾಮ್ ಬರೆದರು. ಶುರುವಿನಲ್ಲಿ ಹೇಳಿದ 2,68,25,49,425 ಅಲ್ಲಿಂದ ಬಂದದ್ದು.

ಕನ್ನಡಿ ಅಂದರೆ ಏನು

ಭೌತಶಾಸ್ತ್ರದವರು ವಕ್ರರೇಖೆ ಎಣಿಸಿದ್ದು ಯಾಕೆ, ಹೇಗೆ? ಅದು ತಿಳಿಯಬೇಕಾದರೆ ಮೊದಲು ಕನ್ನಡಿ ಅರ್ಥ ಆಗಬೇಕು. ಒಂದು ಹಾಳೆ ಸಾಕು.

2 ಅಗಲ, 6 ಉದ್ದದ ಆಯತ ಬರೆಯಿರಿ. ಎದುರೆದುರು ಅಂಚುಗಳನ್ನು ಅಂಟಿಸಿದರೆ ಸೈಕಲ್ ಟ್ಯೂಬಿನ ಆಕಾರ ಬರುತ್ತದೆ. ಇದರ ಬಗ್ಗೆ ಎರಡು ವಿಷಯ ಹೇಳಬಹುದು. ಒಂದು, ಎಷ್ಟು ದೊಡ್ಡದು: ವಿಸ್ತೀರ್ಣ 12. ಇನ್ನೊಂದು, ಯಾವ ರೂಪದ್ದು: ಉದ್ದ ಭಾಗಿಸು ಅಗಲ, 3.

ಈಗ ಸ್ಟ್ರಿಂಗ್ ಥಿಯರಿಯ ಒಂದು ವಿಚಿತ್ರ. ವೃತ್ತದ ಮೇಲೆ ಓಡಾಡುವ ಪುಟ್ಟ ತಂತುವಿಗೆ ಎರಡು ಬಗೆಯಲ್ಲಿ ಶಕ್ತಿ ಸಿಗುತ್ತದೆ. ಓಡುವುದರಿಂದ ಒಂದು, ವೃತ್ತಕ್ಕೆ ಸುತ್ತಿಕೊಳ್ಳುವುದರಿಂದ ಇನ್ನೊಂದು. ವೃತ್ತ ದೊಡ್ಡದಾದಷ್ಟೂ ಸುತ್ತಿಕೊಳ್ಳಲು ಜಾಸ್ತಿ ಶಕ್ತಿ ಬೇಕು, ಓಡಲು ಕಡಿಮೆ. ಚಿಕ್ಕದಾದರೆ ಉಲ್ಟಾ. ಸರಿಯಾದ ಅಳತೆಗೋಲು ಹಿಡಿದರೆ, ಅಳತೆ 2 ಇರುವ ವೃತ್ತದಲ್ಲೂ 1/2 ಇರುವ ವೃತ್ತದಲ್ಲೂ ಸಿಗುವ ಶಕ್ತಿಗಳ ಪಟ್ಟಿ ಒಂದೇ. ಓಡಾಟ, ಸುತ್ತು ಇವುಗಳ ಹೆಸರು ಅದಲು ಬದಲಾಗುತ್ತದೆ ಅಷ್ಟೇ. ತಾನು ಯಾವ ವೃತ್ತದಲ್ಲಿದ್ದೇನೆ ಅಂತ ತಂತುವಿಗೆ ತಿಳಿಯುವ ದಾರಿಯೇ ಇಲ್ಲ.

ಹಾಗಾದರೆ ನಮ್ಮ ಆಯತದ ಅಗಲವನ್ನು 2ರಿಂದ 1/2ಕ್ಕೆ ತಿರುಗಿಸಿ. ಉದ್ದ 6 ಹಾಗೇ ಇರಲಿ. ಹೊಸ ವಿಸ್ತೀರ್ಣ 3. ಹೊಸ ಅನುಪಾತ 12.

ಮೊದಲು 12 ಮತ್ತು 3, ಈಗ 3 ಮತ್ತು 12. ಗಾತ್ರ ಇದ್ದ ಜಾಗಕ್ಕೆ ರೂಪ ಬಂತು, ರೂಪ ಇದ್ದ ಜಾಗಕ್ಕೆ ಗಾತ್ರ. ಎರಡು ಬೇರೆ ಬೇರೆ ಟ್ಯೂಬುಗಳು, ಆದರೆ ಅವುಗಳಲ್ಲಿ ನಡೆಯುವ ಭೌತಶಾಸ್ತ್ರ ಒಂದೇ. ಕನ್ನಡಿ ಸಮಮಿತಿಯ ಅತಿ ಚಿಕ್ಕ ಉದಾಹರಣೆ ಇದು. ಕನ್ನಡಿಯಲ್ಲಿ ಎಡ ಬಲ ಬದಲಾಗುವ ಹಾಗೆ ಇಲ್ಲಿ ಗಾತ್ರ ಮತ್ತು ರೂಪ ಬದಲಾಗುತ್ತವೆ.

ಕ್ವಿಂಟಿಕ್‌ಗೂ ಇದೇ ಎರಡು ಎಣಿಕೆ ಇವೆ. ರೂಪವನ್ನು ಎಷ್ಟು ಬಗೆಯಲ್ಲಿ ಬದಲಿಸಬಹುದು? ಐದು ಚರಾಕ್ಷರದ ಘಾತ 5ರ ಸಮೀಕರಣದಲ್ಲಿ 126 ಪದಗಳಿರುತ್ತವೆ. ಅಕ್ಷಗಳನ್ನು ತಿರುಗಿಸಿ ಹಿಗ್ಗಿಸುವುದರಿಂದ ಆಗುವ 25 ಬದಲಾವಣೆ ಲೆಕ್ಕಕ್ಕಿಲ್ಲ. ಉಳಿದದ್ದು 101. ಗಾತ್ರ ಬದಲಿಸುವ ಬಗೆ ಒಂದೇ ಒಂದು: ಇಡೀ ಜಾಗವನ್ನು ಹಿಗ್ಗಿಸು, ಕುಗ್ಗಿಸು. ಅಂದರೆ ರೂಪ 101, ಗಾತ್ರ 1. ಇದಕ್ಕೆ ಕನ್ನಡಿ ಅಂತ ಇದ್ದರೆ ಅದರಲ್ಲಿ ರೂಪ 1, ಗಾತ್ರ 101 ಇರಬೇಕು.

ಅಂಥದ್ದೊಂದು ಇದೆ ಅಂತ 1990ರಲ್ಲಿ ಹಾರ್ವರ್ಡ್‌ನ ಬ್ರಯಾನ್ ಗ್ರೀನ್ ಮತ್ತು ರೋನೆನ್ ಪ್ಲೆಸ್ಸರ್ ಕಟ್ಟಿ ತೋರಿಸಿದರು. ಐದು ಚರಾಕ್ಷರಗಳ ಐದನೇ ಘಾತಗಳ ಮೊತ್ತ, ಜೊತೆಗೆ ಐದರ ಗುಣಲಬ್ಧ. ಇಂಥ ವಿಶೇಷ ಕ್ವಿಂಟಿಕ್ ತಗೊಂಡು, ಅದರ 125 ಸಮಮಿತಿಗಳು ಒಂದಕ್ಕೊಂದು ಸೇರಿಸುವ ಬಿಂದುಗಳನ್ನೆಲ್ಲ ಒಂದೇ ಅಂತ ಎಣಿಸಿ, ಮಡಚಿದ ಕಡೆ ಬಂದ ಮೂಲೆಗಳನ್ನು ನಯ ಮಾಡಿದರೆ ಕನ್ನಡಿ ಜಾಗ ಸಿಗುತ್ತದೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಆಸ್ಟಿನ್‌ನಲ್ಲಿ ಕ್ಯಾಂಡೆಲಾಸ್ ಮತ್ತು ಜೊತೆಯವರು ಸಾವಿರಾರು ಕಲಾಬಿ–ಯೌ ಜಾಗಗಳನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಒಂದೇ ಚಿತ್ರದಲ್ಲಿ ಚುಕ್ಕಿ ಇಟ್ಟರು. ಚಿತ್ರದ ಎಡ ಬಲ ಹೆಚ್ಚು ಕಡಿಮೆ ಒಂದೇ ತರಹ ಬಂತು. ನನಗೆ ಕೇಳಿದರೆ, ಸೂತ್ರಕ್ಕಿಂತ ಆ ಚುಕ್ಕಿ ಚಿತ್ರವೇ ಜಾಸ್ತಿ ಜನರನ್ನು ಒಪ್ಪಿಸಿರಬೇಕು.

2875 ನಮ್ಮ ಕೈಯಲ್ಲೇ ಬರುತ್ತದೆ

1991ರಲ್ಲಿ ಫಿಲಿಪ್ ಕ್ಯಾಂಡೆಲಾಸ್, ಝೇನಿಯಾ ಡೆ ಲಾ ಒಸ್ಸಾ, ಪಾಲ್ ಗ್ರೀನ್, ಲಿಂಡಾ ಪಾರ್ಕ್ಸ್ ಈ ಕನ್ನಡಿಯನ್ನು ಕೆಲಸಕ್ಕೆ ಹಚ್ಚಿದರು.

ಕ್ವಿಂಟಿಕ್‌ನಲ್ಲಿ ಭೌತಶಾಸ್ತ್ರಕ್ಕೆ ಬೇಕಾದ ಒಂದು ಮೊತ್ತ ಇದೆ. ಅದರ ಮೊದಲ ಪದ ಬರೀ 5. ಆದರೆ ತಂತು ಚಲಿಸುವಾಗ ಒಂದು ಮೇಲ್ಮೈಯನ್ನೇ ಬಳಿದುಕೊಂಡು ಹೋಗುತ್ತದೆ. ಆ ಮೇಲ್ಮೈ ಜಾಗದೊಳಗಿನ ವಕ್ರರೇಖೆಗಳಿಗೆ ಸುತ್ತಿಕೊಂಡಾಗಲೆಲ್ಲ ಮೊತ್ತಕ್ಕೆ ಒಂದು ತಿದ್ದುಪಡಿ ಸೇರುತ್ತದೆ. ತಿದ್ದುಪಡಿ ಲೆಕ್ಕ ಹಾಕಬೇಕಾದರೆ ವಕ್ರರೇಖೆಗಳನ್ನು ಎಣಿಸಬೇಕು, ಅದು ಆಗದ ಕೆಲಸ. ಕನ್ನಡಿಯ ಕಡೆ ಅದೇ ಮೊತ್ತಕ್ಕೆ ಇಂಥ ತಿದ್ದುಪಡಿಯೇ ಇಲ್ಲ. ಅಲ್ಲಿ ಅದು ಕಾಲೇಜು ಮಟ್ಟದ ಕ್ಯಾಲ್ಕ್ಯುಲಸ್. ಹಾಗಾದರೆ ಅಲ್ಲಿ ಬಿಡಿಸಿ, ಉತ್ತರವನ್ನು ಇಲ್ಲಿಗೆ ತಂದರಾಯಿತಲ್ವಾ?

ಇದು ಎಷ್ಟು ಸರಳ ಅಂತ ನೋಡಲು ನಾನು ಒಂದು ಸಂಜೆ ಪೆನ್ನು ಹಿಡಿದು ಕೂತೆ. ಮೊದಲ ಸಲ 2875 ಬರಲಿಲ್ಲ, ಒಂದು ಕಡೆ ವರ್ಗ ಮಾಡುವುದು ಮರೆತಿದ್ದೆ. ಎರಡನೇ ಸಲ ಬಂತು. ನೀವೂ ಮಾಡಿ ನೋಡಿ.

ಕನ್ನಡಿ ಕಡೆ ರೂಪ ಬದಲಿಸುವ ಒಂದೇ ಒಂದು ಗುಂಡಿ ಇದೆ. ಅದನ್ನು ಝ ಅನ್ನೋಣ. ಕ್ವಿಂಟಿಕ್ ಕಡೆ ಗಾತ್ರದ ಗುಂಡಿ ಒಂದು, ಅದು ಕ. ಕನ್ನಡಿಯ ಮುಖ್ಯ ಶ್ರೇಣಿ ಹೀಗಿದೆ:

1 + 120ಝ + 1,13,400ಝ² + …

120 ಅಂದರೆ 5!, ಅಂದರೆ 1 × 2 × 3 × 4 × 5. 1,13,400 ಅಂದರೆ 10! ಅನ್ನು 2!ರ ಐದನೇ ಘಾತದಿಂದ ಭಾಗಿಸಿದ್ದು. ಮುಂದಿನದು 15! ಮತ್ತು 3!, ಹೀಗೇ ಸಾಗುತ್ತದೆ.

ಝಯಿಂದ ಕಗೆ ಹೋಗಲು ಒಂದು ಪರಿವರ್ತನೆ ಬೇಕು. ಅದರ ಮೊದಲ ತಿದ್ದುಪಡಿ ಇದು: 5 × 120 × (1/2 + 1/3 + 1/4 + 1/5). ಆವರಣದಲ್ಲಿರುವುದು 77/60. ಉತ್ತರ 770. ಅಂದರೆ ಕ = ಝ + 770ಝ² + …

ಈಗ ಕನ್ನಡಿಯ ಮೊತ್ತದಲ್ಲಿ ಮೂರು ಕಡೆಯಿಂದ ಸಂಖ್ಯೆ ಬರುತ್ತದೆ. ಝ 1/3125 ಆದಾಗ ಕನ್ನಡಿ ಜಾಗ ಒಂದು ಬಿಂದುವಿನಲ್ಲಿ ಚಿವುಟಿಕೊಳ್ಳುತ್ತದೆ. ಅದರಿಂದ +3125. ಮುಖ್ಯ ಶ್ರೇಣಿಯ ವರ್ಗದಿಂದ ಭಾಗಿಸಬೇಕು, ಆದ್ದರಿಂದ 120ರ ಎರಡರಷ್ಟು ಕಳೆಯಬೇಕು, −240. (ನಾನು ಎಡವಿದ್ದು ಇಲ್ಲೇ.) ಕೊನೆಗೆ ಝಯಿಂದ ಕಗೆ ಪರಿವರ್ತನೆ. ಈ ಮೊತ್ತಕ್ಕೆ ಮೂರು ದಿಕ್ಕು ಇವೆ. ಘನ ಅಡಿಯನ್ನು ಘನ ಮೀಟರ್‌ಗೆ ತರುವಾಗ ಮೂರು ಸಲ ಬದಲಿಸುತ್ತೇವಲ್ಲ, ಹಾಗೆ 770 ಮೂರು ಸಲ. −2310.

3125 − 240 − 2310 = 575.

ಹೊರಗೆ ಕಾಯುತ್ತಿದ್ದ 5ರಿಂದ ಗುಣಿಸಿ. 2875.

ಶೂಬರ್ಟ್ ಸಂಖ್ಯೆ. ಇಲ್ಲಿ ಎಲ್ಲೂ ರೇಖೆ ಎಣಿಸಲಿಲ್ಲ. ಕ್ವಿಂಟಿಕ್ ಕಡೆಗೆ ನೋಡಲೇ ಇಲ್ಲ. ಬೇರೆ ಯಾವುದೋ ಜಾಗದ ಮೇಲೆ ಮಾಡಿದ ಕೂಡಿ ಕಳೆಯುವ ಲೆಕ್ಕ.

ಆ ಮೊತ್ತದ ಮುಂದಿನ ಗುಣಾಂಕ 48,76,875. ಅದರಲ್ಲಿ ಒಂದೊಂದು ಸರಳ ರೇಖೆಯನ್ನು ಎರಡು ಸಲ ಸುತ್ತಿದ್ದೂ ಸೇರಿಕೊಂಡಿದೆ, ಅದು 2875. ಕಳೆದರೆ 48,74,000. ಘಾತ 2ರ ವಕ್ರರೇಖೆಗೆ 2ರ ಘನ, ಅಂದರೆ 8ರ ತೂಕ. ಭಾಗಿಸಿದರೆ 6,09,250. ಕಾಟ್ಜ್ ಸಂಖ್ಯೆ.

ಮೂರನೆಯದು 8,56,45,75,000. ಮತ್ತೆ 2875 ಕಳೆಯಿರಿ, 27ರಿಂದ ಭಾಗಿಸಿ. 31,72,06,375. ಜಗಳ ಶುರುವಾದದ್ದು ಇಲ್ಲಿ.

ಬರ್ಕ್ಲಿಯ ನಂತರ

ಆ ಮೇ ತಿಂಗಳಲ್ಲಿ ನೀವು ಆ ಕೋಣೆಯಲ್ಲಿ ಇದ್ದಿದ್ದರೆ ಯಾರ ಪರ ಇರುತ್ತಿದ್ದಿರಿ? ನಾನಂತೂ ನಾರ್ವೆಯವರ ಪರ. ಅವರ ಹತ್ತಿರ ಪ್ರಮೇಯಗಳ ಮೇಲೆ ಕಟ್ಟಿದ ವಿಧಾನ ಇತ್ತು. ಇನ್ನೊಂದು ಕಡೆ ಇದ್ದದ್ದು ನಂಬಿಕೆ. ಎರಡು ಜಾಗಗಳ ಭೌತಶಾಸ್ತ್ರ ಒಂದೇ ಅನ್ನುವುದಕ್ಕೆ ಗಣಿತದ ಸಾಧನೆ (ಪ್ರೂಫ್) ಇರಲಿಲ್ಲ. ತಂತು ಎರಡು ಸಲ ಸುತ್ತಿದಾಗ ಹೇಗೆ ಎಣಿಸಬೇಕು ಅನ್ನುವುದೂ ಅಂದಾಜೇ. ಅದನ್ನು ಆಸ್ಪಿನ್‌ವಾಲ್ ಮತ್ತು ಮಾರಿಸನ್ ಸಮರ್ಥಿಸಿದ್ದು 1993ರಲ್ಲಿ.

ಆದರೆ ಭೌತಶಾಸ್ತ್ರದವರ ಕಡೆಗೂ ಒಂದು ಗಟ್ಟಿ ಸಾಕ್ಷಿ ಇತ್ತು. ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಅವರ ಶ್ರೇಣಿಯ ಗುಣಾಂಕಗಳನ್ನು 8ರಿಂದ, 27ರಿಂದ, 64ರಿಂದ ಭಾಗಿಸುತ್ತಾ ಹೋಗಬೇಕು. ಪ್ರತಿ ಸಲವೂ ಶೇಷ ಸೊನ್ನೆ. ಲೆಕ್ಕದಲ್ಲಿ ಎಲ್ಲೋ ತಪ್ಪಿದ್ದರೆ 27ರಿಂದ ಸುಮ್ನೆ ನಿಶ್ಶೇಷ ಭಾಗ ಹೋಗುತ್ತಿತ್ತಾ? ಮುಂದೆ 64ರಿಂದ, 125ರಿಂದಲೂ? ಘಾತ 4ಕ್ಕೆ ಅವರ ಉತ್ತರ 24,246 ಕೋಟಿ 75 ಲಕ್ಷದ 30 ಸಾವಿರ. ಅದೂ ಪೂರ್ಣ ಸಂಖ್ಯೆ.

ಎರಡೂ ಕಡೆಯವರು ತಂತಮ್ಮ ಲೆಕ್ಕವನ್ನು ಮತ್ತೆ ತೆಗೆದು ಕೂತರು. ಜುಲೈ ಕೊನೆಗೆ ಉತ್ತರ ಬಂತು. ತಪ್ಪು ಇದ್ದದ್ದು ನಾರ್ವೆಯವರ ಪ್ರೋಗ್ರಾಮಿನಲ್ಲಿ. ಅದನ್ನು ಹುಡುಕಿದವರೂ ಅವರೇ, ಎಲ್ಲರಿಗೂ ತಿಳಿಸಿದವರೂ ಅವರೇ. ತಿದ್ದಿ ಓಡಿಸಿದಾಗ 31,72,06,375 ಬಂತು. ಅವರು ಕಳಿಸಿದ ಈಮೇಲ್‌ನ ತಲೆಬರಹ "ಭೌತಶಾಸ್ತ್ರ ಗೆದ್ದಿತು" ಅನ್ನುವ ಅರ್ಥದ್ದು, ಅದು ಆಮೇಲೆ ಈ ಕಥೆಯ ಜೊತೆಗೇ ಪ್ರಸಿದ್ಧವಾಯಿತು.

ಆ ತಲೆಬರಹವನ್ನೇ ಹಿಡಿದುಕೊಂಡು ಕಥೆ ಹೇಳುವವರು ಜಾಸ್ತಿ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ಘಾತ 3ರ ಉತ್ತರ ಸರಿ ಅಂತ ಭೌತಶಾಸ್ತ್ರದವರಿಗೆ ಖಾತ್ರಿ ಸಿಕ್ಕಿದ್ದು ಎಲ್ಲಿಂದ? ಕನ್ನಡಿಯ ಸಹವಾಸವೇ ಇಲ್ಲದೆ, ಬೇರೆ ದಾರಿಯಲ್ಲಿ ಕಷ್ಟಪಟ್ಟು ಎಣಿಸಿದ ಇಬ್ಬರಿಂದ. ಅವರ ಪ್ರೋಗ್ರಾಮ್ ಮೊದಲ ಸಲವೇ ಸರಿಯಾಗಿ ಓಡಿದ್ದರೆ ಜಗಳವೂ ಇರುತ್ತಿರಲಿಲ್ಲ, ಈ ಪಾಟಿ ಸದ್ದೂ ಆಗುತ್ತಿರಲಿಲ್ಲ.

ಸಾಧನೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಎಣಿಕೆ ಅಂದರೆ ನಿಖರವಾಗಿ ಏನು ಅನ್ನುವ ಚೌಕಟ್ಟಿಗೆ ಮ್ಯಾಕ್ಸಿಮ್ ಕಾಂಟ್ಸೆವಿಚ್ 1994ರ ಹೊತ್ತಿಗೆ ದಾರಿ ಮಾಡಿಕೊಟ್ಟರು. ಕ್ವಿಂಟಿಕ್ ಸೂತ್ರದ ಸಾಧನೆಯನ್ನು ಅಲೆಕ್ಸಾಂಡರ್ ಗಿವೆಂಟಾಲ್ 1996ರಲ್ಲಿ ಬರೆದರು, ಲಿಯನ್, ಲಿಯು, ಯೌ 1997ರಲ್ಲಿ. ಯಾರದ್ದು ಮೊದಲು, ಯಾರದ್ದು ಪೂರ್ತಿ ಅನ್ನುವ ಬಿಸಿ ಮಾತೂ ನಡೆಯಿತು, ಅದು ಇಲ್ಲಿ ಬೇಡ.

ಆದರೆ ಸೂತ್ರ ಸಾಧಿಸಿದ ಮಾತ್ರಕ್ಕೆ ಕನ್ನಡಿ ಯಾಕೆ ಇದೆ ಅಂತ ತಿಳಿದ ಹಾಗಾಗಲಿಲ್ಲ. ಅದಕ್ಕೆ ಮತ್ತೆ ನಮ್ಮ ಆಯತಕ್ಕೇ ಬರಬೇಕು. 1996ರಲ್ಲಿ ಸ್ಟ್ರೋಮಿಂಜರ್, ಯೌ, ಝಾಸ್ಲೋ ಹೇಳಿದ್ದು ಇಷ್ಟು: ಕಲಾಬಿ–ಯೌ ಜಾಗವನ್ನು ಮೂರು ಆಯಾಮದ ಟ್ಯೂಬುಗಳ ಕಂತೆ ಅಂತ ನೋಡಿ. ಅಂದರೆ ಮೂರು ಆಯಾಮದ ಒಂದು ತಳ, ಅದರ ಪ್ರತಿ ಬಿಂದುವಿನ ಮೇಲೂ ಮೂರು ವೃತ್ತಗಳು ಸೇರಿ ಆದ ಒಂದು ಟ್ಯೂಬು. ಪ್ರತಿ ಟ್ಯೂಬಿನಲ್ಲೂ 2 ಇದ್ದದ್ದನ್ನು 1/2 ಮಾಡಿ, 1/2 ಇದ್ದದ್ದನ್ನು 2 ಮಾಡಿ. ಸಿಗುವುದು ಕನ್ನಡಿ. ಗಾತ್ರ ಮತ್ತು ರೂಪ ಯಾಕೆ ಅದಲು ಬದಲಾಗುತ್ತವೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ತೊಂದರೆ ಇರುವುದು ತಳದ ಕೆಲವು ಕಡೆ. ಅಲ್ಲಿ ಟ್ಯೂಬಿನ ಒಂದು ವೃತ್ತ ಸೊರಗಿ ಸೊನ್ನೆಯೇ ಆಗಿಬಿಡುತ್ತದೆ. ಸೊನ್ನೆಯನ್ನು ತಲೆಕೆಳಗು ಮಾಡುವುದು ಹೇಗೆ? ಆ ಕೆಟ್ಟ ಜಾಗಗಳನ್ನು ಸರಿಪಡಿಸಲು ಬೇಕಾದ ತಿದ್ದುಪಡಿಗಳೇ ಮತ್ತೆ ಹೋಗಿ ವಕ್ರರೇಖೆಗಳ ಎಣಿಕೆಯಾಗಿ ಕೂರುತ್ತವೆ. ಮಾರ್ಕ್ ಗ್ರಾಸ್ ಮತ್ತು ಬೆರ್ನ್ಡ್ ಝೀಬರ್ಟ್ ವರ್ಷಗಟ್ಟಲೆ ಮಾಡಿದ ಕೆಲಸ ಈ ಕೆಟ್ಟ ಜಾಗಗಳ ಸುತ್ತಲೇ ಇದೆ. ಆರು ಆಯಾಮದ ಕ್ವಿಂಟಿಕ್‌ಗೆ ಮೊದಲು ಹೇಳಿದ ರೂಪದಲ್ಲೇ ಈ ಚಿತ್ರವನ್ನು ಪೂರ್ತಿ ಸಾಧಿಸಿದ್ದು ಇನ್ನೂ ಆಗಿಲ್ಲ.

ಕೊನೆಗೆ ಒಂದು ಚಿಕ್ಕ ಲೆಕ್ಕ. 2875 ಅನ್ನು 125ರಿಂದ ಭಾಗಿಸಿ: 23. 6,09,250 ಅನ್ನು ಭಾಗಿಸಿ: 4874. ಎರಡೂ ನಿಶ್ಶೇಷ. ಘಾತ 5ರ ಅಪವರ್ತ್ಯ ಅಲ್ಲದಿದ್ದರೆ ಎಲ್ಲ ಎಣಿಕೆಯೂ ಹೀಗೇ 125ರಿಂದ ಭಾಗವಾಗುತ್ತದೆ ಅಂತ ಹರ್ಬರ್ಟ್ ಕ್ಲೆಮೆನ್ಸ್ ಊಹಿಸಿದ್ದರು. ಕನ್ನಡಿ ಸೂತ್ರ ಸರಿ ಅಂತ ಇಟ್ಟುಕೊಂಡು ಲಿಯನ್ ಮತ್ತು ಯೌ ಆಮೇಲೆ ಅದನ್ನು ತೋರಿಸಿದರು. ಈಗ ಬರ್ಕ್ಲಿಯ ಎರಡು ಸಂಖ್ಯೆಗಳನ್ನೂ 125ರಿಂದ ಭಾಗಿಸಿ ನೋಡಿ. 31,72,06,375ಕ್ಕೆ ಶೇಷ ಸೊನ್ನೆ. ಇನ್ನೊಂದಕ್ಕೆ 50 ಉಳಿಯುತ್ತದೆ.